ದಾವಣಗೆರೆಯಲ್ಲಿಯೋ, ಹರಿಹರದಲ್ಲಿಯೋ: ಬಿಡಾರ ಹೂಡಬರುವವರಿಗೆ

ದಾವಣಗೆರೆಗೆ ಬರುವ ಪರಸ್ಥಳದವರಲ್ಲಿ ಊರನ್ನು ನೋಡಲೆಂದೇ ಬರುವವರು ವಿರಳ. ಮಗಳನ್ನು ವೈದ್ಯಕೀಯ ಕಾಲೇಜಿಗೆ ಸೇರಿಸಲು ಬಂದ ತಂದೆ, ರೋಗಿಯೊಡನೆ ಆಸ್ಪತ್ರೆಯ ಪಡಸಾಲೆಯಲ್ಲಿ ಕಾದು ಕೂರಲು ಬಂದ ಬಂಧು, ಮೆಕ್ಕೆಜೋಳದ ವಹಿವಾಟಿಗೆ ಬಂದ ವರ್ತಕ, ವರ್ಗವಾಗಿ ಬಂದ ಸರಕಾರಿ ನೌಕರ, ಇವರೆಲ್ಲರೂ ತಿಂಗಳೆರಡು ತಿಂಗಳಿನಿಂದ ತೊಡಗಿ ವರ್ಷಗಳ ಪರ್ಯಂತ ಇಲ್ಲಿ ನಿಲ್ಲಬೇಕಾದವರಾದುದರಿಂದ, ಬಸ್ಸಿನಿಂದ ಇಳಿದೊಡನೆ ಅವರಿಗೆ ಎದುರಾಗುವ ಮೊದಲನೆಯ ಚಿಂತೆ ವಸತಿಯದು. ಸುಮಾರು 14 ಕಿಲೋಮೀಟರ್ ಅಂತರದಲ್ಲಿ ಎರಡು ಊರುಗಳಿವೆ: 2011ರ ಜನಗಣತಿಯಂತೆ 4 ಲಕ್ಷ 35 ಸಾವಿರದಷ್ಟು ಜನರುಳ್ಳ, ಕಾಲಿಟ್ಟಲ್ಲಿ ಅಂಗಡಿಯುಳ್ಳ ದಾವಣಗೆರೆ ಒಂದು; 83 ಸಾವಿರ ಜನರನ್ನು ತುಂಗಭದ್ರೆಯ ದಡದಲ್ಲಿ ಕೂರಿಸಿಕೊಂಡ ಹರಿಹರ ಇನ್ನೊಂದು. ಕೆಲಸ ಮೊದಲನೆಯದರಲ್ಲಿದ್ದರೂ ವಾಸಕ್ಕೆ ಎರಡನೆಯದೇ ಲೇಸೆಂದು ಹೇಳುವವರು ಬಹುಮಂದಿ. ಆ ಮಾತನ್ನು ಹಾಗೆಯೇ ನಂಬತಕ್ಕದ್ದಲ್ಲ, ಹಾಗೆಂದು ತಳ್ಳಿಹಾಕತಕ್ಕದ್ದೂ ಅಲ್ಲ.

ವೈದ್ಯವ್ಯಾಸಂಗಕ್ಕಾಗಿ ನಮ್ಮ ಕಡೆಯ ಮಕ್ಕಳೂ ಫಿಲಿಪೈನ್ಸ್ ದ್ವೀಪಗಳಿಗೆ ಹೋಗತೊಡಗಿರುವ ಈ ಕಾಲದಲ್ಲಿ, ಆ ದೇಶದ ಬಾಗಿಯೋ ಎಂಬ ಗಿರಿನಗರದ ದೃಷ್ಟಾಂತವನ್ನು ಇಲ್ಲಿ ಹೇಳಬಹುದು. ಅಮೆರಿಕದ ಡೇನಿಯಲ್ ಬರ್ನಹ್ಯಾಂ ಎಂಬ ವಾಸ್ತುಶಿಲ್ಪಿ ಇಪ್ಪತ್ತೈದು ಮೂವತ್ತು ಸಾವಿರ ಜನರಿಗೆ ಸಾಕೆಂದು ನಕ್ಷೆ ಬರೆದ ಆ ಊರಿನಲ್ಲಿ 2020ರ ವೇಳೆಗೆ 3 ಲಕ್ಷ 66 ಸಾವಿರ ಜನ ತುಂಬಿದ್ದರು. 1990ರ ಜುಲೈ 16ರಂದು ಭೂಮಿ ನಡುಗಿ ಅಲ್ಲಿಯ ದೊಡ್ಡ ಹೋಟೆಲುಗಳೇ ಕುಸಿದುಬಿದ್ದುವು. ಇಕ್ಕಟ್ಟಿಗೂ ಕಂಪನಕ್ಕೂ ಬೇಸತ್ತವರು ಮಗ್ಗುಲಿನ ಲಾ ಟ್ರಿನಿದಾದ್ ಕಣಿವೆಯಲ್ಲಿ ಮನೆ ಹಿಡಿದರೆ, ಅಲ್ಲಿ ಮಳೆಗಾಲದ ನೀರು ತಗ್ಗಿನ ಸ್ಟ್ರಾಬೆರಿ ತೋಟಗಳನ್ನು ಮುಳುಗಿಸಿಕೊಂಡು ಬರುತ್ತದೆ. ಒಂದು ಊರಿನ ಕಷ್ಟದಿಂದ ಪಾರಾಗಲು ನೆರೆಯೂರಿಗೆ ಹೋಗುವವನು ಆ ನೆರೆಯೂರಿನ ಕಷ್ಟ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಬೇಕೆಂಬುದಷ್ಟೇ ನನ್ನ ಅಭಿಪ್ರಾಯ. ಹರಿಹರದ ವಿಷಯದಲ್ಲಿಯೂ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಭೂಕಂಪದ ಭಯ ನಮ್ಮ ಸೀಮೆಯಲ್ಲಿ ಅತ್ಯಲ್ಪ. ಪುರಾತನವಾದ ಗಟ್ಟಿ ಶಿಲಾಸ್ತರದ ಮೇಲೆ ಕುಳಿತಿರುವ ಈ ಪ್ರದೇಶವನ್ನು ದೇಶದ ಕಂಪನವಲಯಗಳ ಪೈಕಿ ಅತಿ ಕಡಮೆ ಅಪಾಯದ ಎರಡನೆಯ ವಲಯದಲ್ಲಿ ಬಹುಕಾಲದಿಂದ ಗಣಿಸಿಕೊಂಡು ಬರಲಾಗಿದೆ. ಆದರೆ ನೆಲ ನಡುಗದ ಮಾತ್ರಕ್ಕೆ ಅಲುಗುವುದೇ ಇಲ್ಲವೆಂದು ತಿಳಿಯಬೇಡಿ. ಒಂದು ಕಾಲಕ್ಕೆ ದಾವಣಗೆರೆಯನ್ನು ಹತ್ತಿಯ ಗಿರಣಿಗಳ ಊರನ್ನಾಗಿ ಮಾಡಿದ ಎರೆಮಣ್ಣು, ಮಳೆ ಕುಡಿದಾಗ ಉಬ್ಬಿ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಸ್ವಭಾವದ್ದು. ಎರೆ ಹೊಲಗಳನ್ನು ಸೈಟು ಮಾಡಿ ಎಬ್ಬಿಸಿದ ಬಡಾವಣೆಗಳಲ್ಲಿ, ಆ ಮಣ್ಣನ್ನು ತೆಗೆಸಿ ಗರಸು ತುಂಬಿಸದೆ ಪಾಯ ಹಾಕಿದ ಮನೆಗಳು ವರ್ಷವರ್ಷವೂ ತುಸು ಏರುತ್ತ ಇಳಿಯುತ್ತ ಇರುತ್ತವೆ. ಮನೆ ನೋಡಹೋದಾಗ ಬಾಗಿಲು ಕಿಟಕಿಗಳ ಮೇಲ್ಮೂಲೆಯಿಂದ ಓರೆಯಾಗಿ ಛಾವಣಿಯತ್ತ ಏರುವ ಬಿರುಕಿದೆಯೇ, ಆ ಬಿರುಕಿನ ಜಾಡಿನಲ್ಲಿ ಮಾತ್ರ ಹೊಸ ಸಿಮೆಂಟು ಬಳಿದು ಸುಣ್ಣ ಹೊಡೆದಿದ್ದಾರೆಯೇ, ಬಚ್ಚಲಿನ ಕದ ಚೌಕಟ್ಟಿಗೆ ತಿಕ್ಕಿ ಕೆಳಗಣ ನೆಲದಲ್ಲಿ ಬಿಲ್ಲಿನಾಕಾರದ ಗೆರೆ ಕೊರೆದಿದೆಯೇ ಎಂದು ನೋಡಿ. ಗೋಡೆ ಬೀಳುವುದಿಲ್ಲ, ಆದರೆ ಆ ಬಿರುಕಿನಿಂದ ಮಳೆನೀರು ಒಳಗಿಳಿದು ನಿಮ್ಮ ಹಾಸಿಗೆಯನ್ನು ತೋಯಿಸುವುದು.

ಇನ್ನು ದಾವಣಗೆರೆಯ ಒಳಗಣ ಆಯ್ಕೆ. ರೈಲು ಹಳಿ ಊರನ್ನು ಹಳೆಯ ಭಾಗವೆಂದೂ ಹೊಸ ಭಾಗವೆಂದೂ ಸೀಳಿದೆ. ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆ, ಹೊಂಡದ ಸರ್ಕಲ್ಲಿನ ಆಸುಪಾಸು, ಇವೆಲ್ಲ ವ್ಯಾಪಾರಕ್ಕಾಗಿ ಹುಟ್ಟಿ ವ್ಯಾಪಾರದಿಂದಲೇ ಉಸಿರಾಡುವ ಬೀದಿಗಳು. ಲಾರಿ, ತಳ್ಳುಗಾಡಿ, ಹಮಾಲರು, ದ್ವಿಚಕ್ರಗಳು ಒಟ್ಟೊಟ್ಟಿಗೆ ನುಗ್ಗುವ ಅಲ್ಲಿ ಬಾಡಿಗೆ ಅಗ್ಗವೆಂದು ಕೋಣೆ ಹಿಡಿದವನಿಗೆ ರಾತ್ರಿಯ ನಿದ್ರೆ ಮಾತ್ರ ದುಬಾರಿಯಾದೀತು. ಹಳಿ ದಾಟಿ ಆಚೆಗೆ ದಿನವೂ ಹೋಗಬೇಕಾದವರಿಗೆ ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟು ಬಹುಕಾಲದ ತಲೆನೋವಾಗಿ ಪ್ರಸಿದ್ಧವಾದುದು. ಮನೆ ಗೊತ್ತುಮಾಡುವ ಮುನ್ನ ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿನಲ್ಲಿ ಆ ದಾರಿಯಾಗಿ ಒಮ್ಮೆ ಹೋಗಿ ಬರುವುದು ಯಾವ ದಲ್ಲಾಳಿಯ ಮಾತಿಗಿಂತಲೂ ವಿಶ್ವಾಸಾರ್ಹ. ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲಿ, ಆಸ್ತಮಾ ಇರುವವರು ಮನೆ ಹಿಡಿಯದಿರುವುದೇ ಕ್ಷೇಮ: ಬಿಸಿ ಮಂಡಕ್ಕಿ ಎಷ್ಟು ಆಪ್ಯಾಯಮಾನವೋ ಅದನ್ನು ಹುರಿಯುವ ಒಲೆಯ ಹೊಗೆ ಅಷ್ಟೇ ಅಸಹನೀಯ.

ಆಸ್ಪತ್ರೆ ಅಥವಾ ಕಾಲೇಜಿನ ಕೆಲಸವಾಗಿ ಬಂದವರು ಹರಿಹರದ ವಿಚಾರವನ್ನೇ ಬಿಟ್ಟು ಹೊಸ ಭಾಗದಲ್ಲಿ ನಿಲ್ಲುವುದು ಯುಕ್ತ. 1965ರಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆಗಳ ಸಲುವಾಗಿ ಬರುವವರಿಗೆ ಎಂ.ಸಿ.ಸಿ. ಎ ಮತ್ತು ಬಿ ಬ್ಲಾಕುಗಳು, ವಿದ್ಯಾನಗರ ಅನುಕೂಲ. ಬಾಡಿಗೆ ಹೆಚ್ಚು, ಆದರೆ ನಡುರಾತ್ರಿ ಕರೆ ಬಂದರೆ ಆಟೋ ಹುಡುಕುವ ಗೋಜಿಲ್ಲ. ಹೆದ್ದಾರಿಯ ಪಕ್ಕದ ಎಸ್.ಎಸ್. ಆಸ್ಪತ್ರೆಗೆ ಬರುವವರು ಶಾಮನೂರು ರಸ್ತೆಯ ಕಡೆ ಹುಡುಕಲಿ. ತೋಳಹುಣಸೆಯ ವಿಶ್ವವಿದ್ಯಾನಿಲಯಕ್ಕೆ ಊರೊಳಗಿನಿಂದ ಹೋಗಿಬರುವುದೇ ರೂಢಿ.

ಯಾವ ಬಡಾವಣೆಯಾದರೂ ಆಗಲಿ, ಮೊದಲು ಕೇಳತಕ್ಕದ್ದು ಬಾಡಿಗೆಯನ್ನಲ್ಲ, ನೀರನ್ನು. ದಾವಣಗೆರೆ ಕುಡಿಯುವ ನೀರಿನ ಒಂದು ಪಾಲು ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ ತಂದುದು. ಇನ್ನೊಂದು ಪಾಲು ಭದ್ರಾ ನಾಲೆಯಿಂದ ಕುಂದವಾಡ ಕೆರೆಗೂ ಟಿ.ವಿ. ಸ್ಟೇಷನ್ ಕೆರೆಗೂ ತುಂಬಿಸಿಟ್ಟುದು. ಬೇಸಗೆಯಲ್ಲಿ ನದಿ ಸೊರಗಿ, ನಾಲೆಯೂ ನಿಂತಾಗ, ನಲ್ಲಿಯ ಸರದಿ ದೀರ್ಘವಾಗುತ್ತದೆ. ಈ ಪ್ರಶ್ನೆಯನ್ನು ಮನೆಯ ಯಜಮಾನನಿಗೆ ಹಾಕುವುದಕ್ಕಿಂತ ಪಕ್ಕದ ಮನೆಯ ಅಂಗಳ ತೊಳೆಯುತ್ತಿರುವ ತಾಯಿಗೆ ಹಾಕುವುದು ಉತ್ತಮ. “ಇಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರಮ್ಮಾ?” ಎಂದರೆ, “ಈಗೇನೋ ಬರ್ತಾವ್ರೀ, ಏಪ್ರಿಲ್‌ನಾಗ ಬಂದ್ ಕೇಳ್ರಿ” ಎಂಬ ಉತ್ತರ ಬಂದೀತು, ಅಷ್ಟಾದರೆ ನಿಮಗೆ ತಿಳಿಯಬೇಕಾದುದೆಲ್ಲವೂ ತಿಳಿದಂತೆಯೇ. ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗಳಿಗೆ ಅದೊಂದೇ, ಬೋರು ಉಂಟೆ, ಜಲಸಿರಿ ಯೋಜನೆಯ ಮೀಟರು ಕೂಡಿಸಿದ್ದರೆ ಅದರಲ್ಲಿ ನೀರೂ ಹರಿಯುತ್ತಿದೆಯೇ ಎಂಬಿವನ್ನು ಮುಚ್ಚಳ ತೆಗೆಸಿ ಕಣ್ಣಾರೆ ನೋಡಿದ ಮೇಲೆಯೇ ಅಡ್ವಾನ್ಸಿನ ಮಾತಿಗೆ ಬನ್ನಿ.

ಹರಿಹರಕ್ಕೆ ಬರೋಣ. ಕ್ರಿ.ಶ. 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿ, ಒಂದೇ ಮೂರ್ತಿಯ ಅರ್ಧಭಾಗದಲ್ಲಿ ಹರನನ್ನೂ ಅರ್ಧಭಾಗದಲ್ಲಿ ಹರಿಯನ್ನೂ ನಿಲ್ಲಿಸಿಕೊಂಡು, ಊರಿನ ಹೆಸರಿಗೂ ಕೀರ್ತಿಗೂ ಮೂಲವಾಗಿದೆ. ಅದರ ಕಂಬಗಳ ಸಾಲಿನಲ್ಲಿ ಬೇಸಗೆಯ ಮಧ್ಯಾಹ್ನ ಕುಳಿತವನಿಗೆ ದಾವಣಗೆರೆಯ ಪಿ.ಬಿ. ರಸ್ತೆ ಬೇರೊಂದು ದೇಶದಲ್ಲಿರುವಂತೆ ತೋರುವುದು. ರಾಜ್ಯಗಳ ಏಕೀಕರಣಕ್ಕೆ ಮುಂಚೆ ಇದು ಮೈಸೂರು ಸೀಮೆಯ ಅಂಚಿನ ಊರು. ಹೊಳೆಯಾಚೆಗೆ ಮುಂಬಯಿ ಪ್ರಾಂತ. 1868ರಲ್ಲಿ ಮುಗಿದ, ಕಲ್ಲು ಇಟ್ಟಿಗೆಗಳ ಕಮಾನುಗಳುಳ್ಳ ಸೇತುವೆ ಆ ಎರಡು ಆಡಳಿತಗಳನ್ನು ಬೆಸೆದಿತ್ತು. 1941ರಲ್ಲಿ ಇಲ್ಲಿ ನೆಲೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇಥು ಯಂತ್ರಗಳಿಗೆ ಹೆಸರಾಗಿ, ಈ ಶತಮಾನದ ಆರಂಭದಲ್ಲಿ ಬೀಗ ಬೀಳುವವರೆಗೂ ಊರಿಗೆ ಅನ್ನವಿಟ್ಟಿತು. ಅದು ನಿಂತ ಮೇಲೆ ಊರು ಬಡವಾಯಿತೆಂದು ಹಳಬರು ನಿಟ್ಟುಸಿರಿಡುತ್ತಾರಾದರೂ, ಬಾಡಿಗೆದಾರನ ದೃಷ್ಟಿಯಿಂದ ಆ ದುರ್ದೆಸೆಯಿಂದ ಉಂಟಾದ ಲಾಭವೊಂದಿದೆ: ಹಿತವಾದ ಅಂಗಳವುಳ್ಳ ಹಳೆಯ ಮನೆಗಳು ಇಂದಿಗೂ ದಾವಣಗೆರೆಗಿಂತ ಕಡಮೆ ಬಾಡಿಗೆಗೆ ಸಿಕ್ಕುತ್ತವೆ.

ಇಲ್ಲಿಯ ಅಪಾಯ ನದಿಯದು. ಮಲೆನಾಡಿನಲ್ಲಿ ಸುರಿದ ಮಳೆ ತುಂಗೆ ಭದ್ರೆಗಳೆರಡರ ಮೂಲಕವೂ ಇದೇ ಪಾತ್ರಕ್ಕೆ ಬಂದು ಸೇರುವುದರಿಂದಲೂ, ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳ ಊರಿನ ಬಳಿಯಲ್ಲಿಯೇ ಹೊಳೆಗೆ ಕೂಡುವುದರಿಂದಲೂ, ಹರಿಹರದ ಆಕಾಶ ನಿರ್ಮಲವಾಗಿರುವ ದಿನವೇ ನೀರು ಏರುವುದುಂಟು. ಜಲಾಶಯಗಳಿಂದ ನೀರು ಬಿಟ್ಟಾಗಲೆಲ್ಲ ಮೊದಲು ಒದ್ದೆಯಾಗುವುದು ನದಿಯಂಚಿನ ಗಂಗಾನಗರ. 2019ರ ಆಗಸ್ಟಿನಲ್ಲಿಯೂ ಅಲ್ಲಿಯ ಸಂಸಾರಗಳು ಪಾತ್ರೆಪಡಗ ಹೊತ್ತು ಮೇಲಕ್ಕೆ ಬಂದುವು. ಹೊಳೆಯ ನೋಟವಿರುವ ಮನೆಯೆಂದು ಯಾರಾದರೂ ಹೊಗಳಿದರೆ ಹಿತ್ತಿಲ ಗೋಡೆಯ ಬುಡದಿಂದ ಮೇಲಕ್ಕೆ ನೋಡುತ್ತ ಬನ್ನಿ: ಕೆಳಗೆ ಮಣ್ಣುಬಣ್ಣ, ಮೇಲೆ ಸುಣ್ಣದ ಬಿಳುಪು, ನಡುವೆ ದಾರ ಹಿಡಿದು ಎಳೆದಂತಹ ಗೆರೆ ಕಂಡರೆ, ಆ ಗೆರೆಯ ಮಟ್ಟಕ್ಕೆ ನೀರು ಒಮ್ಮೆ ಬಂದಿದೆ, ಇನ್ನೊಮ್ಮೆಯೂ ಬರುವುದೆಂದು ಭಾವಿಸಿ ಬೇರೆ ಮನೆ ನೋಡುವುದು ಜಾಣತನ. ಹೊಸಪೇಟೆ–ಶಿವಮೊಗ್ಗ ರಸ್ತೆಯ ಆಸುಪಾಸಿನಲ್ಲಿಯೂ, ಹೆದ್ದಾರಿಯ ಕಡೆಗೂ, ನೆರೆಯ ಗೆರೆಗಿಂತ ಎತ್ತರದಲ್ಲಿರುವ ಮನೆಗಳನ್ನೇ ಆರಿಸಿಕೊಳ್ಳಬೇಕು. ನದಿಯಾಚೆ ಕುಮಾರಪಟ್ಟಣದಲ್ಲಿ, ಎಂದರೆ ಹಾವೇರಿ ಜಿಲ್ಲೆಯೊಳಗೆ, ದೊಡ್ಡ ಕಾರ್ಖಾನೆಗಳಿರುವುದರಿಂದ ಗಾಳಿ ತಿರುಗಿದ ದಿನಗಳಲ್ಲಿ ಕಟುವಾದ ವಾಸನೆ ಬರುವುದುಂಟು. ಸೂಕ್ಷ್ಮಮೂಗಿನವರು ಒಂದು ರಾತ್ರಿ ಲಾಡ್ಜಿನಲ್ಲಿ ಮಲಗಿ ಪರೀಕ್ಷಿಸಿಕೊಳ್ಳಲಿ.

ಎರಡು ಊರುಗಳ ನಡುವಣ ಓಡಾಟ ಕಷ್ಟವಲ್ಲ. ಬಾತಿಯ ಮೇಲೆ ಹಾದುಹೋಗುವ ಹಳೆಯ ರಸ್ತೆಯಲ್ಲಿ ಬಸ್ಸುಗಳು ಬಿಡುವಿಲ್ಲದೆ ಓಡುತ್ತವೆ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗ ಎರಡಕ್ಕೂ ಉಂಟು. ಆದರೆ 2023ರಲ್ಲಿ ಬಂದ ವಂದೇ ಭಾರತ್‌ನಂತಹ ವೇಗದ ಗಾಡಿ ನಿಲ್ಲುವುದು ದಾವಣಗೆರೆಯಲ್ಲಿ. ಹರಿಹರದವರು ಅಲ್ಲಿಗೆ ಬಂದು ಹತ್ತಬೇಕು. ಕಚೇರಿಯ ವೇಳೆ ಹತ್ತರಿಂದ ಐದೂವರೆಯಾದವರಿಗೆ ಹರಿಹರದಿಂದ ದಿನಂಪ್ರತಿ ಹೋಗಿಬರುವುದು ಸುಗಮ. ರಾತ್ರಿ ಪಾಳಿಯವರಿಗೂ ರೋಗಿಯ ಕಡೆಯವರಿಗೂ ಸುಗಮವಲ್ಲ. ನನ್ನನ್ನು ಕೇಳಿದರೆ, ಚಿಕ್ಕ ಮಕ್ಕಳೂ ವೃದ್ಧರೂ ಇರುವ, ಒಬ್ಬರೇ ದುಡಿಯಲು ಹೋಗುವ ಸಂಸಾರ ಹರಿಹರದ ಎತ್ತರದ ಭಾಗದಲ್ಲಿ ಇರಲಿ. ಉಳಿದವರು ದಾವಣಗೆರೆಯ ಹೊಸ ಭಾಗದಲ್ಲಿ ಚಿಕ್ಕ ಮನೆಯಾದರೂ ಸರಿ, ಅಲ್ಲಿಯೇ ಇರಲಿ. ಬೆಣ್ಣೆದೋಸೆ, ಸಂಜೆಯ ಮಿರ್ಚಿ–ಮಂಡಕ್ಕಿಗಳ ವಿಷಯದಲ್ಲಿ ಮಾತ್ರ ಹರಿಹರದವರೂ ದಾವಣಗೆರೆಯ ಹಿರಿಮೆಯನ್ನು ಒಪ್ಪುತ್ತಾರೆ, ತುಸು ಗೊಣಗಿಕೊಂಡೇ.

ಮನೆ ಹುಡುಕಲು ಬರುವುದಾದರೆ ಎರಡು ಕಾಲಗಳನ್ನು ನಾನು ಸೂಚಿಸುವೆನು: ದಾವಣಗೆರೆಯ ಮನೆಯನ್ನು ಏಪ್ರಿಲ್‌ನಲ್ಲಿ ನೋಡಬೇಕು, ಹರಿಹರದ ಮನೆಯನ್ನು ಆಗಸ್ಟಿನಲ್ಲಿ. ಹಾಗೆ ಬರಲಾಗದವರು ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಬಂದರೆ ಹವೆ ಹಿತವಾಗಿದ್ದು, ಕೊಂಡಜ್ಜಿಯ ಕೆರೆ, ಸೂಳೆಕೆರೆಗಳನ್ನೂ ನೋಡಿಕೊಳ್ಳಬಹುದು. ಎರಡು ವರ್ಷಗಳಿಗೊಮ್ಮೆ ನಡೆಯುವ ನಗರದೇವತೆ ದುರ್ಗಾಂಬಿಕೆಯ ಜಾತ್ರೆಯ ದಿನಗಳಲ್ಲಿ ದಾವಣಗೆರೆಯ ಪ್ರತಿ ಮನೆಯೂ ನೆಂಟರಿಂದ ತುಂಬಿ ಹೋಗುವುದು. ಸೆಪ್ಟೆಂಬರ್ 8ರ ಆರೋಗ್ಯಮಾತೆಯ ಹಬ್ಬಕ್ಕೆ ಹರಿಹರದಲ್ಲಿಯೂ ಹಾಗೆಯೇ. ಆಗ ಕೋಣೆ ಬೇಕಾದವರು ಮುಂಚಿತವಾಗಿ ಗೊತ್ತುಮಾಡಿಕೊಂಡಿರಬೇಕು. ಕರಾರುಪತ್ರ ಹನ್ನೊಂದು ತಿಂಗಳಿಗೆ ಬರೆಸುವುದು ವಾಡಿಕೆ. ಭೋಗ್ಯಕ್ಕೆ ಹಿಡಿಯುವವರು ಹಣ ಹಿಂದಿರುಗಿಸುವ ದಿನಾಂಕವನ್ನೂ, ಬಾಡಿಗೆಗೆ ಹಿಡಿಯುವವರು ಬೇಸಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚು ಯಾರದೆಂಬುದನ್ನೂ ಆ ಪತ್ರದಲ್ಲಿಯೇ ಸ್ಪಷ್ಟವಾಗಿ ಕಾಣಿಸತಕ್ಕದ್ದು.