ಹುದುಗಿದ ಅಂಗ, ಹೇಳದ ಸಂಕಟ

ಈ ಕಂತಿಗೆ ಆಯ್ದ ಪತ್ರಗಳೆಲ್ಲ ಗಂಡಸರು ಮನೆಯಲ್ಲೂ ಬಾಯಿಬಿಡದ ಒಂದು ತೊಂದರೆಯ ಬಗ್ಗೆ ಇವೆ: ವಯಸ್ಕರಲ್ಲಿ ಶಿಶ್ನ ಕೊಬ್ಬು ಮತ್ತು ಚರ್ಮದೊಳಗೆ ಹುದುಗಿಹೋಗುವುದು. ಬರೆದವರ ಹೆಸರು ಕೈಬಿಟ್ಟಿದ್ದೇವೆ. ಉತ್ತರ ಮೂತ್ರರೋಗ ತಜ್ಞರದು.

ಪ್ರಶ್ನೆ: ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ್ರೀ. ನನಗ 48 ವರ್ಷ. ಬೈರಿದೇವರಕೊಪ್ಪದಾಗ ಕಿರಾಣಿ ಅಂಗಡಿ ಐತಿ, ಮುಂಜಾನಿಂದ ರಾತ್ರಿತನಕ ಗಲ್ಲಾದ ಮುಂದ ಕುಂತೇ ಇರ್ತೀನಿ. ಎತ್ತರ 5 ಅಡಿ 6 ಇಂಚು. ಹತ್ತು ವರ್ಷದಾಗ ತೂಕ 78ರಿಂದ 112 ಕೆ.ಜಿ.ಗೆ ಬಂತು. ಶುಗರ್ ಐತಿ. ಎರಡು ವರ್ಷದಿಂದ ನನ್ನ ಅಂಗ ಒಳಗ ಹೋಗಿಬಿಟ್ಟೈತಿ. ನಿಂತು ಮೂತ್ರ ಮಾಡಿದ್ರ ತೊಡಿ ಮ್ಯಾಲೆ ಹರೀತೈತಿ, ಪ್ಯಾಂಟು ಹಸಿ ಆಗ್ತೈತಿ. ಗಿರಾಕಿಗೆ ವಾಸನಿ ಬಂದೀತು ಅಂತ ಹೆದರಿಕಿ. ವಯಸ್ಸಾತು, ಸಣ್ಣದಾತು ಅಂತ ಸುಮ್ನ ಇರ್ಲೇನ್ರೀ?

ಉತ್ತರ: ಸುಮ್ಮನಿರಬೇಡಿ. ನಿಮ್ಮ ಅಂಗ ಸಣ್ಣದಾಗಿಲ್ಲ. ಶಿಶ್ನದ ಬುಡ ಕಿಬ್ಬೊಟ್ಟೆಯ ಕೆಳಗಿನ ಎಲುಬಿಗೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ, ಅದು ಅಲ್ಲಿಂದ ಕದಲುವುದಿಲ್ಲ. ತೂಕ ಏರಿದಾಗ ಆ ಎಲುಬಿನ ಮೇಲೆ, ಕೂದಲು ಬೆಳೆಯುವ ಜಾಗದಲ್ಲಿ ಕೊಬ್ಬು ತುಂಬಿ ಮುಂದಕ್ಕೂ ಕೆಳಕ್ಕೂ ಜೋಲುತ್ತದೆ. ಮಳೆಗಾಲದಲ್ಲಿ ಉಣಕಲ್ ಕೆರೆ ತುಂಬಿದಾಗ ಮೆಟ್ಟಿಲು ಮುಳುಗುತ್ತವೆ, ಮೆಟ್ಟಿಲೇನೂ ಸವೆದಿರುವುದಿಲ್ಲ. ನಿಮ್ಮಲ್ಲಿ ಆಗಿರುವುದೂ ಅಷ್ಟೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಅಂಗಾತ ಮಲಗಿ, ಅಂಗದ ಎರಡೂ ಬದಿಯ ಕೊಬ್ಬನ್ನು ಬೆರಳಿನಿಂದ ಎಲುಬು ತಾಗುವವರೆಗೆ ಒತ್ತಿ. ಶಿಶ್ನ ಹೊರಬಂದು, ಮುಂದೊಗಲು ಸಲೀಸಾಗಿ ಹಿಂದೆ ಸರಿದರೆ ಚರ್ಮ ಇನ್ನೂ ಮೃದುವಾಗಿದೆ ಎಂದರ್ಥ. ಆಗ ತೂಕ ಇಳಿಸುವುದರಿಂದಲೇ ಸಾಕಷ್ಟು ಲಾಭವಿದೆ. ಒತ್ತಿದರೂ ಹೊರಗೆ ಬಾರದೆ, ತುದಿಯಲ್ಲಿ ಬಿಳಿಚಿದ ಗಡಸು ಉಂಗುರ ಕಂಡರೆ ಚರ್ಮದಲ್ಲಿ ಗಾಯದ ಕಲೆ ಕಟ್ಟಿದೆ. ಅದನ್ನು ಬಲವಂತವಾಗಿ ಎಳೆಯಬೇಡಿ. ಹರಿದರೆ ಮತ್ತೆ ಕಲೆ ಕಟ್ಟಿ ಉಂಗುರ ಇನ್ನಷ್ಟು ಬಿಗಿಯಾಗುತ್ತದೆ.

ಮೂತ್ರ ನೇರವಾಗಿ ಹೊರಬೀಳದೆ ಚರ್ಮದ ಮಡಿಕೆಯೊಳಗೆ ನಿಲ್ಲುತ್ತದೆ, ಎದ್ದು ನಡೆದಾಗ ಸೋರುತ್ತದೆ. ಸದಾ ಒದ್ದೆಯಾದ ಚರ್ಮ ಕೆಂಪಾಗಿ ಉರಿಯುತ್ತದೆ, ಒಡೆಯುತ್ತದೆ, ಕಲೆ ಕಟ್ಟುತ್ತದೆ. ಕಲೆಯಿಂದ ಬಾಯಿ ಕಿರಿದಾಗಿ ಇನ್ನೂ ಹೆಚ್ಚು ಮೂತ್ರ ಒಳಗೆ ನಿಲ್ಲುತ್ತದೆ. ಮೂತ್ರದಲ್ಲಿ ಸಕ್ಕರೆ ಇದ್ದರೆ ಶಿಲೀಂಧ್ರಕ್ಕೆ ಸುಗ್ಗಿ. ನಿಮ್ಮ ಶುಗರ್ ಮಾತ್ರೆಯ ಪಟ್ಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯೇ ನೋಡಿ. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಮಾತ್ರೆಗಳು, ಇಂಥ ಸೋಂಕಿನ ಸಂಭವವನ್ನು ಹೆಚ್ಚಿಸುತ್ತವೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯ ಮಾತ್ರೆಗಳೂ ಹೌದು. ಹಾಗಾಗಿ ನೀವಾಗಿಯೇ ಬಿಡಬೇಡಿ, ಬರೆದುಕೊಟ್ಟ ವೈದ್ಯರಿಗೆ ತೊಂದರೆ ತಿಳಿಸಿ.

ಇವತ್ತಿನಿಂದಲೇ ಮಾಡಬಹುದಾದದ್ದು: ಕುಳಿತು ಮೂತ್ರ ಮಾಡಿ. ಒಂದು ಕೈಯಿಂದ ಕೊಬ್ಬನ್ನು ಹಿಂದಕ್ಕೆ ಒತ್ತಿ ಹಿಡಿಯಿರಿ, ಮುಗಿದ ಮೇಲೆ ಅರ್ಧ ನಿಮಿಷ ಕಾದು ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಬೆಚ್ಚಗಿನ ನೀರು ಸಾಕು. ಡೆಟಾಲ್, ತೀಕ್ಷ್ಣ ಸಾಬೂನು ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ‘ತುರಿಕೆ ಕ್ರೀಮ್’ ಖಂಡಿತ ಬೇಡ. ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಬೆರೆಸಿದ ಅಂಥ ಕ್ರೀಮುಗಳು ನಾಲ್ಕು ದಿನ ಆರಾಮ ಕೊಟ್ಟು ಸೋಂಕನ್ನು ಹಬ್ಬಿಸುತ್ತವೆ.

ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) ಸುಮಾರು 40. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎನ್ನುತ್ತೇವೆ, ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ. ಒಳಗಿರಬೇಕು. ಸಂಜೆಯ ಗಿರ್ಮಿಟ್ಟು, ಮಿರ್ಚಿ ಬಿಡುವುದು, ದಿನಾ ನಡೆಯುವುದು ಎಲ್ಲವೂ ಸರಿ. ಆದರೆ ಈ ತೂಕಕ್ಕೆ, ಅದೂ ಶುಗರ್ ಇರುವಾಗ, ತೂಕ ಇಳಿಸುವ ಔಷಧ ಅಥವಾ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಬಗ್ಗೆಯೂ ವೈದ್ಯರ ಜೊತೆ ಮಾತಾಡುವುದು ತಪ್ಪಲ್ಲ. ತೂಕ ಇಳಿಯಲಿ, ಆಮೇಲೆ ತೋರಿಸುತ್ತೇನೆ ಎಂದು ಮಾತ್ರ ಮುಂದೂಡಬೇಡಿ. ಮೊದಲು ಒಮ್ಮೆ ಚರ್ಮವನ್ನು ತೋರಿಸಿ. ನಿಮ್ಮೂರಿನಿಂದ ಚಿಗರಿ ಬಸ್ಸು ಹತ್ತಿದರೆ ಒಂದು ದಿಕ್ಕಿಗೆ ವಿದ್ಯಾನಗರದ ಕೆಎಂಸಿಆರ್‌ಐ ಆಸ್ಪತ್ರೆ (ಹಿಂದಿನ ಕಿಮ್ಸ್), ಇನ್ನೊಂದು ದಿಕ್ಕಿಗೆ ಸತ್ತೂರಿನ ಎಸ್‌ಡಿಎಂ ಇದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 57. ಅವರ ಪರವಾಗಿ ನಾನೇ ಬರೆಯುತ್ತಿದ್ದೇನೆ. ಅಂಗದ ತುದಿ ಕಾಣದೆ ವರ್ಷವೇ ಆಯಿತು. ಚರ್ಮ ಬೆಳ್ಳಗಾಗಿದೆ, ಒಳಉಡುಪಿನಲ್ಲಿ ಆಗಾಗ ರಕ್ತದ ಕಲೆ ಇರುತ್ತದೆ. ಪರಿಚಯದವರೊಬ್ಬರು, ಮುಂದೊಗಲು ಕತ್ತರಿಸಿಬಿಟ್ಟರೆ ಸರಿಹೋಗುತ್ತದೆ, ಅರ್ಧ ತಾಸಿನ ಕೆಲಸ ಎಂದರು. ಮಾಡಿಸಬಹುದೆ?
— ಓದುಗರು, ಗದಗ

ಉತ್ತರ: ತಾಯಿ, ಪರೀಕ್ಷೆಗೆ ಮೊದಲು ಕತ್ತರಿ ಬೇಡ. ಹುದುಗಿದ ಅಂಗಕ್ಕೆ ಬರೀ ಮುಂದೊಗಲು ತೆಗೆದರೆ ಇದ್ದ ಚರ್ಮವೂ ಕಡಿಮೆಯಾಗುತ್ತದೆ. ಕೊಬ್ಬು ಅಲ್ಲೇ ಇರುವುದರಿಂದ ಅಂಗ ಮತ್ತೆ ಒಳಕ್ಕೆ ಸರಿಯುತ್ತದೆ, ಗಾಯ ಅದರ ಮುಂದೆ ಕೂಡಿಕೊಂಡು ಗಡಸಾಗುತ್ತದೆ. ಆಗ ಸಿಕ್ಕಿಬಿದ್ದ ಅಂಗವನ್ನು ಬಿಡಿಸುವುದು ಮೊದಲಿಗಿಂತ ಕಷ್ಟ. ಬರೀ ಮುಂದೊಗಲು ಬಿಗಿಯಾಗಿರುವ, ಕೊಬ್ಬಿನ ತೊಂದರೆ ಇಲ್ಲದವರಿಗೆ ಅದು ಒಳ್ಳೆಯ ಚಿಕಿತ್ಸೆಯೇ. ಯಜಮಾನರು ಯಾವ ಗುಂಪಿಗೆ ಸೇರಿದವರು ಎಂದು ಕೈಯಿಂದ ಮುಟ್ಟಿ ನೋಡಿದವರು ಹೇಳಬೇಕು.

ಬಿಳಿಚಿದ, ಸುಕ್ಕುಗಟ್ಟಿದ ಚರ್ಮ ‘ಲೈಕನ್ ಸ್ಕ್ಲೆರೋಸಸ್’ ಎಂಬ ದೀರ್ಘಕಾಲದ ಉರಿಯೂತ ಇರಬಹುದು. ಇದು ಅಂಟುರೋಗವಲ್ಲ, ನಿಮಗೆ ಹರಡುವುದಿಲ್ಲ. ಶುರುವಿನಲ್ಲಿ ಕ್ಲೋಬೆಟಾಸಾಲ್ 0.05% ಮುಲಾಮನ್ನು ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಹತೋಟಿಗೆ ಬರುತ್ತದೆ. ಆದರೆ ಮುಲಾಮು ತಾಗಬೇಕಾದ ಜಾಗವೇ ಒಳಗೆ ಮುಚ್ಚಿಹೋಗಿದ್ದರೆ ಹಚ್ಚಿ ಏನು ಪ್ರಯೋಜನ? ಇದೇ ರೋಗ ಮೂತ್ರನಾಳದ ಬಾಯಿಗೂ ಹಬ್ಬಿ ಅದನ್ನು ಕಿರಿದಾಗಿಸಬಹುದು. ಮೂತ್ರದ ಧಾರೆ ಸಣ್ಣದಾಗಿದೆಯೇ, ತಿಣುಕಬೇಕಾಗುತ್ತದೆಯೇ ಎಂದು ಅವರನ್ನು ಕೇಳಿ.

ನನಗೆ ಹೆಚ್ಚು ಚಿಂತೆ ತಂದದ್ದು ರಕ್ತದ ಕಲೆ. ಬಹುಶಃ ಚರ್ಮದ ಬಿರುಕಿನದೇ ಇರಬಹುದು. ಆದರೆ ಮುಂದೊಗಲು ತೆರೆಯದೆ ಇರುವುದು, ಬಹುಕಾಲದ ಉರಿಯೂತ, ತಂಬಾಕು ಇವು ಮೂರೂ ಶಿಶ್ನದ ಕ್ಯಾನ್ಸರಿನ ಸಂಭವವನ್ನು ಹೆಚ್ಚಿಸುತ್ತವೆ. ಅಂಗ ಕಾಣದಿದ್ದಾಗ ಗಡ್ಡೆಯೂ ಕಾಣುವುದಿಲ್ಲ. ರಕ್ತ, ಕೆಟ್ಟ ವಾಸನೆಯ ಸ್ರಾವ, ಕೈಗೆ ಸಿಗುವ ಗಡಸು ಗಂಟು, ತೊಡೆಸಂದಿನಲ್ಲಿ ಗಡ್ಡೆ: ಇವುಗಳಲ್ಲಿ ಒಂದಿದ್ದರೂ ತಿಂಗಳು ಕಾಯುವಂತಿಲ್ಲ, ಈ ವಾರವೇ ಹೋಗಿ. ಅನುಮಾನ ಬಂದರೆ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಎಂದೇ ಬಂದರೂ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ನಿಮಗೆ ದೂರವಲ್ಲ. ಬೇಗ ಸಿಕ್ಕಿದ ಕ್ಯಾನ್ಸರನ್ನು ಅಂಗ ಉಳಿಸಿಕೊಂಡೇ ತೆಗೆಯುವ ದಾರಿಗಳಿವೆ. ನೀವೂ ಜೊತೆಗೆ ಹೋಗಿ, ಅವರು ಹೇಳಲು ಹಿಂಜರಿದದ್ದನ್ನು ನೀವು ಹೇಳುವಿರಿ.

ಪ್ರಶ್ನೆ: ಧಾರವಾಡದವನು, ಬೆಂಗಳೂರಿನಲ್ಲಿ ಕೆಲಸ. ಬೇರಿಯಾಟ್ರಿಕ್ ಆಪರೇಷನ್ ಆದ ಮೇಲೆ 140 ಕೆ.ಜಿ.ಯಿಂದ 88ಕ್ಕೆ ಇಳಿದೆ. ಹೊಟ್ಟೆಯ ಚರ್ಮ ಜೋತುಬಿದ್ದಿದೆ, ಅಂಗ ಮಾತ್ರ ಹೊರಗೆ ಬರಲೇ ಇಲ್ಲ. ಈಗೇನು ದಾರಿ? ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ಉತ್ತರ: 52 ಕೆ.ಜಿ. ಇಳಿಸಿದ್ದು ವ್ಯರ್ಥವಾಗಿಲ್ಲ. ಅರಿವಳಿಕೆಯ ಅಪಾಯ, ಗಾಯ ಕೂಡದಿರುವ ಅಪಾಯ ಎರಡೂ ಅದರಿಂದ ತಗ್ಗಿವೆ. ಆದರೆ ಕೊಬ್ಬು ಕರಗಿದಷ್ಟು ಚರ್ಮ ಕುಗ್ಗುವುದಿಲ್ಲ. ಒಳಗೆ ಕಟ್ಟಿದ ಕಲೆಯಂತೂ ತೂಕದೊಂದಿಗೆ ಕರಗುವಂಥದ್ದಲ್ಲ.

ಈ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಯೂರಾಲಜಿಸ್ಟ್ ಮತ್ತು ಪ್ಲಾಸ್ಟಿಕ್ ಸರ್ಜನ್ ಸೇರಿ ಮಾಡುತ್ತಾರೆ. ಕಿಬ್ಬೊಟ್ಟೆಯ ಕೆಳಗೆ ಅಡ್ಡಲಾಗಿ ಕೊಯ್ದು, ಎಲುಬಿನ ಮೇಲೆ ಜೋತ ಕೊಬ್ಬು ಮತ್ತು ಹೆಚ್ಚಿನ ಚರ್ಮ ತೆಗೆಯುತ್ತಾರೆ. ಉಳಿದ ಚರ್ಮದ ಒಳಪದರವನ್ನು ಎಲುಬಿನ ಮೇಲಿನ ಗಟ್ಟಿ ಪೊರೆಗೆ ಹೊಲಿಯುತ್ತಾರೆ. ಚರ್ಮ ಮತ್ತೆ ಜಾರಿ ಅಂಗವನ್ನು ಮುಚ್ಚದಿರಲು ಈ ಹೊಲಿಗೆ ಬಹಳ ಮುಖ್ಯ. ಕಲೆಗಟ್ಟಿದ ಉಂಗುರವನ್ನು ಬಿಡಿಸಿ ಅಂಗವನ್ನು ಹೊರತೆಗೆಯುತ್ತಾರೆ. ಅಂಗದ ಮೈಮೇಲಿನ ಚರ್ಮ ಕೆಟ್ಟಿದ್ದರೆ ಅದನ್ನು ತೆಗೆದು, ತೊಡೆಯಿಂದ ತೆಳುವಾಗಿ ಹೆರೆದ ಚರ್ಮವನ್ನು ಅಲ್ಲಿ ಕಸಿ ಮಾಡುತ್ತಾರೆ. ಕಸಿ ಕಚ್ಚಿಕೊಳ್ಳುವತನಕ, ಅಂದರೆ ಸುಮಾರು ಐದು ದಿನ, ಅದುಮಿ ಕಟ್ಟಿದ ಬ್ಯಾಂಡೇಜು ಮತ್ತು ಮೂತ್ರದ ನಳಿಕೆ ಇರುತ್ತವೆ. ಲೈಂಗಿಕ ಸಂಪರ್ಕಕ್ಕೆ ಆರು ವಾರವಾದರೂ ಬಿಡುವು ಬೇಕು. ಎಲ್ಲರಿಗೂ ಇಷ್ಟೆಲ್ಲ ಬೇಕಾಗುವುದಿಲ್ಲ. ಚರ್ಮ ಚೆನ್ನಾಗಿದ್ದವರಿಗೆ ಕಸಿ ಇಲ್ಲದೆಯೇ ಮುಗಿಯುತ್ತದೆ.

ಕೈ ಹಾಕುವ ಮುನ್ನ ಇದನ್ನೂ ತಿಳಿದಿರಿ. ಗಾಯ ಬಿಚ್ಚಿಕೊಳ್ಳುವುದು, ಕೀವಾಗುವುದು, ನೀರು ತುಂಬುವುದು ಈ ಶಸ್ತ್ರಚಿಕಿತ್ಸೆಯಲ್ಲಿ ಅಪರೂಪವಲ್ಲ. ಹೆಚ್ಚಿನವು ಡ್ರೆಸಿಂಗ್‌ನಿಂದಲೇ ವಾಸಿಯಾಗುತ್ತವೆ. ಸಿಗರೇಟು, ಗುಟ್ಕಾ ಒಂದು ತಿಂಗಳು ಮೊದಲೇ ಬಿಡಬೇಕು, ನಿಕೋಟಿನ್‌ನಿಂದ ರಕ್ತನಾಳ ಬಿಗಿದು ಕಸಿ ಸಾಯಬಹುದು. ಶುಗರ್ ಹತೋಟಿಯಲ್ಲಿರಬೇಕು. ಅಂಗದ ಉದ್ದ ಇದರಿಂದ ಬೆಳೆಯುವುದಿಲ್ಲ, ಮುಚ್ಚಿದ್ದು ತೆರೆದುಕೊಳ್ಳುತ್ತದೆ. ನಿಂತು ಮೂತ್ರ ಮಾಡುವುದು, ತೊಳೆದುಕೊಳ್ಳುವುದು, ದಾಂಪತ್ಯ ಇವು ಬಹುತೇಕರಿಗೆ ಸುಧಾರಿಸುತ್ತವೆ.

ಖರ್ಚಿನ ಮಾತು: 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30% ಸಿಗುತ್ತದೆ, ಮಿತಿ ವರ್ಷಕ್ಕೆ 1.5 ಲಕ್ಷ. ನಿಮ್ಮ ಶಸ್ತ್ರಚಿಕಿತ್ಸೆ ಯಾವ ಪ್ಯಾಕೇಜಿನಡಿ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ. ಖಾಸಗಿ ವಿಮೆಯವರು ‘ಸೌಂದರ್ಯ ಚಿಕಿತ್ಸೆ’ ಎಂದು ತಳ್ಳಿಹಾಕದಂತೆ, ಮೂತ್ರದ ತೊಂದರೆ ಮತ್ತು ಸೋಂಕಿನ ವಿವರವನ್ನು ವೈದ್ಯರಿಂದ ಬರೆಸಿಕೊಳ್ಳಿ.

ಪ್ರಶ್ನೆ: ನಾನು ದಪ್ಪ ಇಲ್ಲ. ವೃಷಣದ ಚೀಲ ಬಾತು ತೆಂಗಿನಕಾಯಿಯಷ್ಟಾಗಿದೆ, ಅಂಗ ಅದರೊಳಗೆ ಮುಳುಗಿದೆ. ಇದೂ ಅದೇ ರೋಗವೆ?
— ಓದುಗರು, ಯಾದಗಿರಿ

ಉತ್ತರ: ತೊಂದರೆ ಒಂದೇ, ಕಾರಣ ಬೇರೆ. ಚೀಲದಲ್ಲಿ ನೀರು ತುಂಬಿದ ಹೈಡ್ರೋಸೀಲ್, ದೊಡ್ಡ ಹರ್ನಿಯಾ, ಚರ್ಮವೇ ದಪ್ಪಗಾಗುವ ಬಾವು ಇವುಗಳಿಂದಲೂ ಅಂಗ ಹುದುಗುತ್ತದೆ. ನಿಮ್ಮ ಯಾದಗಿರಿ, ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗದ ಹಾವಳಿ ಇರುವುದರಿಂದ ಅದರ ಪರೀಕ್ಷೆಯೂ ಆಗಬೇಕು. ಸ್ಕ್ಯಾನಿಂಗ್‌ನಲ್ಲಿ ಕಾರಣ ಸಾಮಾನ್ಯವಾಗಿ ತಿಳಿಯುತ್ತದೆ. ಹೈಡ್ರೋಸೀಲ್ ಆಗಿದ್ದರೆ ಜಿಲ್ಲಾಸ್ಪತ್ರೆಯಲ್ಲೇ ಶಸ್ತ್ರಚಿಕಿತ್ಸೆ ಸಾಧ್ಯ. ಸೂಜಿ ಚುಚ್ಚಿ ನೀರು ತೆಗೆಸಿಕೊಂಡರೆ ಮತ್ತೆ ತುಂಬುತ್ತದೆ, ಸೋಂಕಿನ ಭಯ ಬೇರೆ.

ಪ್ರಶ್ನೆ: ವಯಸ್ಸು 22, ಧಾರವಾಡದಲ್ಲಿ ಹಾಸ್ಟೆಲ್‌ನಲ್ಲಿದ್ದೇನೆ. ಸ್ವಲ್ಪ ದಪ್ಪ. ಗೆಳೆಯರಿಗಿಂತ ನನ್ನದು ಸಣ್ಣದು ಅನ್ನಿಸಿ ಮದುವೆಯೇ ಬೇಡ ಎನ್ನುವಷ್ಟು ಬೇಸರವಾಗಿದೆ. ಗೋಡೆಯ ಮೇಲಿನ ಜಾಹೀರಾತು ನೋಡಿ ಎಣ್ಣೆ ತರಿಸಿದ್ದೇನೆ. ಹಚ್ಚಲೆ?

ಉತ್ತರ: ಎಣ್ಣೆ ಚೆಲ್ಲಿಬಿಡಿ. ಅಂಗ ಬೆಳೆಸುವ ಎಣ್ಣೆ ಇಲ್ಲ. ಹಾಗೆ ಹೇಳಿಕೊಂಡು ಔಷಧ ಮಾರುವಂತಿಲ್ಲ ಎಂದು ನಮ್ಮ ಔಷಧ ನಿಯಮಗಳ ‘ಜೆ’ ಅನುಸೂಚಿಯೇ ಹೇಳುತ್ತದೆ. ಲೈಂಗಿಕ ಸಾಮರ್ಥ್ಯದ ಹೆಸರಿನ ಜಾಹೀರಾತುಗಳ ವಿರುದ್ಧ 1954ರಿಂದಲೂ ಕಾಯಿದೆ ಇದೆ. 15,521 ಗಂಡಸರ ಅಳತೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಡಿಲ ಸ್ಥಿತಿಯ ಸರಾಸರಿ ಉದ್ದ 9.16 ಸೆಂ.ಮೀ., ನಿಮಿರಿದಾಗ 13.12 ಸೆಂ.ಮೀ. ಇವು ಸರಾಸರಿ ಮಾತ್ರ, ಇದಕ್ಕಿಂತ ಕಡಿಮೆ ಇರುವ ಸಾವಿರಾರು ಜನ ಆರಾಮಾಗಿ ಸಂಸಾರ ಮಾಡುತ್ತಿದ್ದಾರೆ. ಅಳೆಯುವಾಗ ಕೊಬ್ಬನ್ನು ಒತ್ತಿ ಎಲುಬಿನಿಂದ ಅಳೆಯಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಯಾರದೂ ಸಣ್ಣದಾಗಿಯೇ ಕಾಣುತ್ತದೆ. ಮುಂದೊಗಲು ಸರಿದು, ಮೂತ್ರ ಸರಾಗವಾಗಿದ್ದರೆ ನಿಮಗೆ ಅಂಗ ಹುದುಗುವ ತೊಂದರೆ ಬಹುಮಟ್ಟಿಗೆ ಇಲ್ಲ. ಬೇಸರ ಮಾತ್ರ ನಿಜ, ಅದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿಮಾನಸ್ ಸಂಖ್ಯೆ 14416, ಹಣ ಕೊಡಬೇಕಿಲ್ಲ.

ಪ್ರಶ್ನೆ: ಒಪಿಡಿಯಲ್ಲಿ ಜನ ತುಂಬಿರುತ್ತಾರೆ, ಚೀಟಿ ಬರೆಯುವವರು ಎಲ್ಲರ ಮುಂದೆ ‘ಏನ್ ತ್ರಾಸ’ ಎಂದು ಕೇಳುತ್ತಾರೆ. ನಾಚಿಕೆಯಿಂದ ಎರಡು ಸಲ ಬಾಗಿಲಿಂದಲೇ ವಾಪಸ್ ಬಂದೆ. ಏನು ಹೇಳಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಚೀಟಿಯವರಿಗೆ ‘ಮೂತ್ರದ ತ್ರಾಸ, ಯೂರಾಲಜಿ’ ಎಂದರೆ ಸಾಕು. ಒಳಗೆ ಹೋದ ಮೇಲೆ ವೈದ್ಯರ ಕೈಗೆ ಕೊಡಲು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ: ಎಷ್ಟು ಕಾಲದಿಂದ, ಮೂತ್ರ ಹೇಗೆ ಬರುತ್ತದೆ, ರಕ್ತ ಅಥವಾ ಕೀವು ಇದೆಯೇ, ಹಿಂದೆ ಆ ಜಾಗಕ್ಕೆ ಆಪರೇಷನ್ ಆಗಿದೆಯೇ, ಯಾವ ಮಾತ್ರೆ, ಯಾವ ಕ್ರೀಮು. ಪರದೆ ಎಳೆಯಿರಿ ಎಂದು ಕೇಳುವುದು ನಿಮ್ಮ ಹಕ್ಕು. ಬೇರೆ ಯಾವುದೋ ಆಪರೇಷನ್ನಿಗೆ ಸೇರಿದಾಗಲೂ ಈ ತೊಂದರೆಯನ್ನು ಮೊದಲೇ ಹೇಳಿ, ಮೂತ್ರದ ನಳಿಕೆ ಹಾಕುವವರು ಸಿದ್ಧರಾಗಿರುತ್ತಾರೆ.

ಎರಡು ಸಂದರ್ಭಗಳಲ್ಲಿ ಒಪಿಡಿ ದಿನ ನೋಡಬೇಡಿ, ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ. ಮೂತ್ರ ಪೂರ್ತಿ ಕಟ್ಟಿದಾಗ ಒಂದು. ಜ್ವರದ ಜೊತೆ ವೃಷಣದ ಚೀಲ ಅಥವಾ ತೊಡೆಸಂದಿ ಬೇಗಬೇಗನೆ ಬಾತು, ತಡೆಯಲಾಗದ ನೋವು ಬಂದು, ಚರ್ಮ ಕಪ್ಪಾಗತೊಡಗಿದಾಗ ಇನ್ನೊಂದು. ಎರಡನೆಯದು ಶುಗರ್ ಇರುವವರಲ್ಲಿ ಹೆಚ್ಚು, ಗಂಟೆಗಳ ಲೆಕ್ಕದಲ್ಲಿ ಜೀವಕ್ಕೇ ಎರವಾಗುತ್ತದೆ.