ಗೇಟಿಗೆ ಅಡ್ಡ ನಿಂತ ಕಾರು

ಗೇಟಿಗೆ ಅಡ್ಡ ಕಾರು ನಿಲ್ಲಿಸುವವರ ಮೇಲಿನ ನಿಮ್ಮ ಸಿಟ್ಟು ನ್ಯಾಯವಾದದ್ದೇ. 20 ಅಡಿ ರಸ್ತೆಯ ಎರಡೂ ಬದಿ ಆರಡಿ ಅಗಲದ ಎಸ್‌ಯುವಿ ನಿಂತರೆ ನಡುವೆ ಉಳಿಯುವುದು ಎಂಟೇ ಅಡಿ, ಆಂಬುಲೆನ್ಸೂ ತಿಣುಕಬೇಕು. ಆದರೆ ಒಂದು ಕಹಿ ಮಾತು: ಕಾಂಪೌಂಡಿನಾಚೆಯ ರಸ್ತೆ ಅವರದೂ ಅಲ್ಲ, ನಿಮ್ಮದೂ ಅಲ್ಲ. ಜಾಗ ಹಿಡಿಯಲು ನೀವಿಟ್ಟ ಹೂಕುಂಡಗಳನ್ನು ಮೊದಲು ಒಳಗೆ ತನ್ನಿ, ಅದೂ ಒತ್ತುವರಿಯೇ.

ಗೇಟಿಗೆ ಅಡ್ಡ ನಿಲ್ಲಿಸುವುದು ಮಾತ್ರ ಬೇರೆ ಸಂಗತಿ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಅದು ತಪ್ಪು. ಟೈರಿನ ಗಾಳಿ ಬಿಡುವ ಯೋಚನೆ (ನಿಮ್ಮ ಪತ್ರದಲ್ಲಿ ಅದರ ವಾಸನೆ ಬಂತು!) ಬಿಡಿ. ಭಾನುವಾರ ಕಾಫಿ ಹೊತ್ತಿಗೆ ಅವರ ಮನೆಗೆ ಹೋಗಿ, ನಿಮ್ಮ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ಕಷ್ಟವನ್ನೇ ಹೇಳಿ. ಬಗ್ಗದಿದ್ದರೆ ನಂಬರ್ ಪ್ಲೇಟು, ಗೇಟು ಎರಡೂ ಕಾಣುವಂತೆ ಫೋಟೊ ತೆಗೆದು ಸಂಚಾರ ಠಾಣೆಗೆ ದೂರು ಕೊಡಿ.