ಯಂತ್ರವು ಮುಖವನ್ನು ಗುರುತಿಸುವ ಬಗೆ

ಪರಿಚಿತರ ಮುಖವನ್ನು ಗುರುತಿಸುವುದು ನಮಗೆ ಎಷ್ಟು ಸಹಜವೆಂದರೆ, ಅದೊಂದು ಕೆಲಸವೆಂದೇ ತೋರುವುದಿಲ್ಲ. ಜಾತ್ರೆಯ ಗುಂಪಿನಲ್ಲಿ, ಮಬ್ಬುಗತ್ತಲಿನಲ್ಲಿ, ಹತ್ತು ವರ್ಷಗಳ ಅನಂತರ ಕಂಡರೂ ಸೋದರಮಾವನನ್ನು ಸೋದರಮಾವನೆಂದೇ ಅರಿಯುತ್ತೇವೆ. ಆದರೆ ಅಪರಿಚಿತನೊಬ್ಬನ ಒಂದೇ ಭಾವಚಿತ್ರವನ್ನು ಕೈಗೆ ಕೊಟ್ಟು, ಅಂಗಡಿಯ ಮೂಲೆಯ ಕಾವಲು ಕ್ಯಾಮೆರಾ ತೆಗೆದ ಮಸುಕು ವಿಡಿಯೋದಲ್ಲಿ ಅವನಿರುವನೇ ಎಂದು ಕೇಳಿದರೆ ನಾವು ತಡವರಿಸುವೆವು. ಇಂದು ಯಂತ್ರಕ್ಕೆ ಒಪ್ಪಿಸಿರುವುದು ಈ ಎರಡನೆಯ ಕೆಲಸವನ್ನು.

ಅಂತಹ ವಿಡಿಯೋದಲ್ಲಿ ಮುಖದ ವಿವರ ಎಷ್ಟು ಉಳಿದಿರುತ್ತದೆಂಬುದನ್ನು ಮೊದಲು ಲೆಕ್ಕಹಾಕಿ ನೋಡೋಣ. ಕ್ಯಾಮೆರಾದ ಮಸೂರದ ಸಂಗಮದೂರ ೪ ಮಿಲಿಮೀಟರ್ ಎಂದೂ ಮನುಷ್ಯನು ೧೦ ಮೀಟರ್ ದೂರದಲ್ಲಿರುವನೆಂದೂ ಇಟ್ಟುಕೊಳ್ಳೋಣ. ವಸ್ತುವು ಇಷ್ಟು ದೂರವಿದ್ದಾಗ ಪ್ರತಿಬಿಂಬವು ಸಂಗಮಬಿಂದುವಿನ ಬಳಿಯಲ್ಲಿಯೇ ಮೂಡುವುದರಿಂದ, ಸಮರೂಪ ತ್ರಿಭುಜಗಳ ನಿಯಮದಂತೆ ಅದರ ಗಾತ್ರ ವಸ್ತುವಿನ ಗಾತ್ರದ ೨,೫೦೦ರಲ್ಲಿ ಒಂದು ಪಾಲು. ಎರಡು ಕಣ್ಣುಗಳ ನಡುವಣ ಅಂತರ ಸುಮಾರು ೬ ಸೆಂಟಿಮೀಟರ್. ಪ್ರತಿಬಿಂಬದಲ್ಲಿ ಅದು ೦.೦೨೪ ಮಿಲಿಮೀಟರ್. ಬೆಳಕನ್ನು ಗ್ರಹಿಸುವ ಫಲಕದ ಒಂದೊಂದು ಚುಕ್ಕೆ, ಎಂದರೆ ಪಿಕ್ಸೆಲ್, ೦.೦೦೩ ಮಿಲಿಮೀಟರ್ ಅಗಲವಾಗಿದ್ದರೆ ಕಣ್ಣಿನಿಂದ ಕಣ್ಣಿಗೆ ದೊರೆಯುವುದು ೮ ಚುಕ್ಕೆಗಳು ಮಾತ್ರ! ಬೆಳಕು ಸಾಲದಾದಾಗ ಒಂದೊಂದು ಚಿತ್ರಕ್ಕೂ ೧/೨೫ ಸೆಕೆಂಡಿನಷ್ಟು ಕಾಲ ಬೆಳಕನ್ನು ಕೂಡಿಸಬೇಕಾಗಬಹುದು. ಸೆಕೆಂಡಿಗೆ ೧.೨ ಮೀಟರ್ ವೇಗದಲ್ಲಿ ಅಡ್ಡಲಾಗಿ ನಡೆಯುವವನು ಅಷ್ಟರಲ್ಲಿ ೪.೮ ಸೆಂಟಿಮೀಟರ್ ಸರಿದಿರುವನು. ಒಂದು ಕಣ್ಣಿನ ಬಿಂಬವು ಹೆಚ್ಚುಕಡಮೆ ಇನ್ನೊಂದರವರೆಗೂ ಅಲುಕಿಹೋಗುವುದು. ಇದೇ ಲೆಕ್ಕವನ್ನು ವಿದ್ಯಾರ್ಥಿಗಳು ೩ ಮೀಟರ್ ದೂರಕ್ಕೆ ತಾವೇ ಮಾಡಿ ನೋಡಬೇಕು. ಕ್ಯಾಮೆರಾವನ್ನು ಬಾಗಿಲ ಬಳಿ ಇಡುವುದರ ಲಾಭ ತಾನಾಗಿ ಹೊಳೆಯುವುದು.

ಮುಖವನ್ನು ಅಳತೆಗೆ ಇಳಿಸುವ ಯತ್ನ ಹೊಸದಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ವುಡ್ರೋ ಬ್ಲೆಡ್ಸೋ ಮತ್ತು ಅವರ ಸಂಗಡಿಗರು ಭಾವಚಿತ್ರಗಳ ಮೇಲೆ ಕಣ್ಣು, ಬಾಯಿ ಮೊದಲಾದುವುಗಳ ಸ್ಥಾನವನ್ನು ಕೈಯಿಂದ ಗುರುತುಮಾಡಿ, ಅವುಗಳ ನಡುವಣ ೨೦ ಅಂತರಗಳನ್ನು ಗಣಕಯಂತ್ರದಿಂದ ಹೋಲಿಸಿದರು. ಅವರನ್ನು ಕಾಡಿದ ತೊಡಕು ಇಂದಿಗೂ ಕಾಡುತ್ತಿದೆ: ತಲೆ ತಿರುಗಿದರೆ, ಬೆಳಕು ಬದಲಾದರೆ, ಒಬ್ಬನ ಎರಡು ಚಿತ್ರಗಳ ನಡುವಣ ವ್ಯತ್ಯಾಸವು ಇಬ್ಬರ ಚಿತ್ರಗಳ ನಡುವಣ ವ್ಯತ್ಯಾಸವನ್ನೂ ಮೀರಬಹುದು.

ಒಬ್ಬನ ನೂರು ಚಿತ್ರಗಳಿದ್ದರೆ ಈ ವ್ಯತ್ಯಾಸಗಳನ್ನು ಅವುಗಳಿಂದಲೇ ಕಲಿಯಬಹುದಾಗಿತ್ತು. ಇರುವುದು ಒಂದೇ ಆದರೆ? ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ನಿಜಕ್ಕೂ ಸೊಗಸಾದುದು. ಬೇರೆ ಲಕ್ಷಾಂತರ ಜನರ ಚಿತ್ರಗಳಿಂದ, ಮುಖವೆಂಬುದು ಸಾಮಾನ್ಯವಾಗಿ ಹೇಗೆ ಬದಲಾಗುತ್ತದೆಂಬುದನ್ನು ಯಂತ್ರಕ್ಕೆ ಮೊದಲೇ ಕಲಿಸುವರು. ೨೦೧೫ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಫೇಸ್‌ನೆಟ್ ಎಂಬ ವಿಧಾನದಲ್ಲಿ ಪ್ರತಿಯೊಂದು ಮುಖವೂ ೧೨೮ ಸಂಖ್ಯೆಗಳ ಒಂದು ಸರಣಿಯಾಗುತ್ತದೆ. ಭೂಪಟದಲ್ಲಿ ಊರನ್ನು ಎರಡು ಸಂಖ್ಯೆಗಳಿಂದ ಸೂಚಿಸುವಂತೆಯೇ ಇದು. ಆಯಾಮಗಳು ಮಾತ್ರ ಹೆಚ್ಚು. ಒಬ್ಬನವೇ ಆದ ಚಿತ್ರಗಳು ಹತ್ತಿರಕ್ಕೂ ಬೇರೆಯವರ ಚಿತ್ರಗಳು ದೂರಕ್ಕೂ ಬೀಳುವಂತೆ ಯಂತ್ರವನ್ನು ತಿದ್ದಲಾಗುವುದು. ಅನಂತರ ಹೊಸಬನ ಒಂದೇ ಚಿತ್ರವೂ ಈ ಪಟದಲ್ಲಿ ತನ್ನ ಸ್ಥಾನವನ್ನು ಹಿಡಿಯುವುದು.

ವಿಡಿಯೋದಲ್ಲಿ ಒಂದು ಅನುಕೂಲವೂ ಉಂಟು: ಸೆಕೆಂಡಿಗೆ ೨೫ ಚಿತ್ರಗಳು ದೊರೆಯಬಹುದು. ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವುದಿಲ್ಲವೇ? ಹಾಗೆಯೇ ಇಲ್ಲಿಯೂ. ಆಕಸ್ಮಿಕ ದೋಷವು ಅಳತೆಗಳ ಸಂಖ್ಯೆಯ ವರ್ಗಮೂಲದಂತೆ ತಗ್ಗುವುದರಿಂದ, ೨೫ ಚಿತ್ರಗಳ ಸರಾಸರಿಯಲ್ಲಿ ಅದು ಐದನೆಯ ಒಂದು ಪಾಲಾಗುವುದು. ಆದರೆ ಗಡಿಯಾರವೇ ನಿಧಾನವಾಗಿದ್ದರೆ ಸಾವಿರ ಸಲ ಅಳೆದೂ ಫಲವಿಲ್ಲ. ಕ್ಯಾಮೆರಾ ಮೇಲಿನಿಂದ ನೋಡುತ್ತಿದ್ದು ಟೊಪ್ಪಿಗೆಯ ನೆರಳು ಮುಖದ ಮೇಲೆ ಬಿದ್ದಿದ್ದರೆ, ೨೫ ಚಿತ್ರಗಳಲ್ಲಿಯೂ ಇರುವುದು ಅದೇ ನೆರಳು.

ಹುಡುಕಾಟದ ಗಣಿತವೂ ಗಮನಾರ್ಹ. ಇಬ್ಬರನ್ನು ಹೋಲಿಸುವಾಗ ಲಕ್ಷಕ್ಕೊಮ್ಮೆ ಮಾತ್ರ ತಪ್ಪುವ ಯಂತ್ರವೊಂದಿದೆ ಎನ್ನೋಣ. ೪೦ ಲಕ್ಷ ಚಿತ್ರಗಳ ಸಂಗ್ರಹದಲ್ಲಿ ಅದರಿಂದ ಹುಡುಕಿಸಿದರೆ, ಸುಮಾರು ೪೦ ನಿರಪರಾಧಿಗಳು ಹೊಂದಿಕೆಯಾದಂತೆ ತೋರುವರು. ಮಿತಿಯನ್ನು ಬಿಗಿಗೊಳಿಸಿದರೆ ನಿಜವಾದ ವ್ಯಕ್ತಿಯೇ ತಪ್ಪಿಹೋಗಬಹುದು. ಅದಕ್ಕಿಂತ ಮುಖ್ಯವಾಗಿ, ಬೇಕಾದವನು ಆ ಸಂಗ್ರಹದಲ್ಲಿಯೇ ಇಲ್ಲದಿದ್ದರೂ ಅತಿ ಹತ್ತಿರದವನೆಂದು ಒಬ್ಬನಿದ್ದೇ ಇರುವನು. ಯಂತ್ರವು ಹೇಳುವುದು ದೂರವನ್ನು. ಹೆಸರನ್ನು ಅದಕ್ಕೆ ಅಂಟಿಸುವವರು ನಾವು.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ನಡೆದುದು ಇದೇ. ೨೦೧೮ರಲ್ಲಿ ಅಲ್ಲಿನ ಅಂಗಡಿಯೊಂದರಿಂದ ಕೈಗಡಿಯಾರಗಳು ಕಳವಾದುವು. ಕಾವಲು ವಿಡಿಯೋದ ಮಸುಕು ಚಿತ್ರಕ್ಕೆ, ಚಾಲನಾ ಪರವಾನಗಿಯ ಹಳೆಯ ಭಾವಚಿತ್ರವೊಂದು ಹೊಂದುವುದೆಂದು ಯಂತ್ರವು ಸೂಚಿಸಿತು. ೨೦೨೦ರ ಜನವರಿಯಲ್ಲಿ ಪೊಲೀಸರು ಆ ಭಾವಚಿತ್ರದ ವ್ಯಕ್ತಿಯನ್ನು ಮನೆಯ ಮುಂದೆಯೇ, ಹೆಂಡತಿ ಮಕ್ಕಳ ಕಣ್ಣೆದುರಿನಲ್ಲಿ ಬಂಧಿಸಿದರು. ಸುಮಾರು ೩೦ ಗಂಟೆಗಳ ಕಾಲ ಸೆರೆಯಲ್ಲಿದ್ದ ಅವರು ಕಳ್ಳರಾಗಿರಲಿಲ್ಲ. ಅವರು ಹೂಡಿದ ಮೊಕದ್ದಮೆ ೨೦೨೪ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಮುಖ ಗುರುತಿಸುವ ಯಂತ್ರದ ಉತ್ತರವೊಂದನ್ನೇ ಆಧಾರವಾಗಿಟ್ಟುಕೊಂಡು ಯಾರನ್ನೂ ಬಂಧಿಸಕೂಡದೆಂಬುದು ಆ ಒಪ್ಪಂದದಿಂದ ಅಲ್ಲಿನ ಪೊಲೀಸರಿಗೆ ನಿಯಮವಾಯಿತು.